ಪಣಕ್ಕಿಟ್ಟ ಊರನ್ನು ಕೇಳಿದವರಾರು?

ಜೂಜಿನ ಕಥೆ ನಮ್ಮ ನಾಡಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಧರ್ಮರಾಯ ರಾಜ್ಯವನ್ನು ಪಣಕ್ಕಿಟ್ಟ, ತಮ್ಮಂದಿರನ್ನು ಪಣಕ್ಕಿಟ್ಟ, ತನ್ನನ್ನೇ ಪಣಕ್ಕಿಟ್ಟು ಸೋತ. ಕೊನೆಗೆ ದ್ರೌಪದಿಯನ್ನೂ ಪಣಕ್ಕಿಟ್ಟ. ಸಭೆಗೆ ಬಾ ಎಂದು ಹೇಳಿಕಳಿಸಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: ತನ್ನನ್ನೇ ಸೋತುಕೊಂಡವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ತುಂಬಿದ ಸಭೆಯಲ್ಲಿ ಹಿರಿಯರಿದ್ದರು, ಜ್ಞಾನಿಗಳಿದ್ದರು. ನೇರವಾದ ಉತ್ತರ ಬರಲಿಲ್ಲ. ದಾಳ ಉರುಳಿಸಿದವರು ಒಬ್ಬರು, ಬೆಲೆ ತೆತ್ತವಳು ಮತ್ತೊಬ್ಬಳು. ಬೆಲೆ ತೆರಬೇಕಾದವಳನ್ನು ಯಾರೂ ಕೇಳಿರಲಿಲ್ಲ.

ಈ ವಾರದ ನಮ್ಮ ಪಾಠವೂ ಇದೇ ಪ್ರಶ್ನೆಯ ಸುತ್ತ ಇದೆ. ಒಂದು ಊರಿಗೆ ಜೂಜುಮನೆ ಬರಬೇಕೇ, ಬೇಡವೇ? ಇದನ್ನು ತೀರ್ಮಾನಿಸಬೇಕಾದವರು ಇಡೀ ರಾಜ್ಯದ ಜನರೇ, ಇಲ್ಲವೇ ಆ ಊರಿನಲ್ಲಿ ಬಾಳುವ ಜನರೇ? ಅಮೆರಿಕದ ಅನೇಕ ರಾಜ್ಯಗಳಲ್ಲಿ ಇದು ಬರೀ ಚರ್ಚೆಯ ವಿಷಯವಲ್ಲ. ಅಲ್ಲಿ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಜೊತೆಗೆ ಕೆಲವು ಪ್ರಶ್ನೆಗಳೂ ಅಚ್ಚಾಗಿರುತ್ತವೆ. "ಕ್ಯಾಸಿನೊಗಳಿಗೆ ಅನುಮತಿ ಕೊಡಬಹುದೇ?" ಎಂಬಂಥ ಪ್ರಶ್ನೆಗೆ ಮತದಾರ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಅಂಥ ಮತದಾರರಲ್ಲಿ ಲಕ್ಷಾಂತರ ಮಂದಿ ನಮ್ಮ ಹಾಗೆಯೇ ಭಾನುವಾರದ ಬಲಿಪೂಜೆಗೆ ಹೋಗುವ ಕಥೋಲಿಕರು. ಅವರ ಅನುಭವದಿಂದ ನಾವು ಕಲಿಯಬೇಕಾದದ್ದು ಬಹಳವಿದೆ.

ಆಟ ಎಲ್ಲಿಯವರೆಗೆ ಆಟ?

ಮೊದಲು ಧರ್ಮಸಭೆಯ ಬೋಧನೆಯನ್ನು ಸರಿಯಾಗಿ ತಿಳಿದುಕೊಳ್ಳೋಣ. ಅದೃಷ್ಟದ ಆಟವೆಲ್ಲ ಪಾಪ ಎಂದು ಧರ್ಮಸಭೆ ಹೇಳುವುದಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2413ನೇ ಪರಿಚ್ಛೇದದ ಸಾರ ಇಷ್ಟು: ಅದೃಷ್ಟದ ಆಟವಾಗಲಿ ಬಾಜಿಯಾಗಲಿ ತನ್ನಷ್ಟಕ್ಕೆ ತಾನೇ ನ್ಯಾಯಕ್ಕೆ ವಿರುದ್ಧವಲ್ಲ. ಆದರೆ ತನ್ನ ಮತ್ತು ತನ್ನನ್ನು ನಂಬಿದವರ ಬದುಕಿಗೆ ಬೇಕಾದ ಹಣವನ್ನು ಅದು ಕಸಿದುಕೊಂಡಾಗ ನೈತಿಕವಾಗಿ ಒಪ್ಪಲಾಗದ ಕೆಲಸವಾಗುತ್ತದೆ. ಜೂಜಿನ ಗೀಳು ಮನುಷ್ಯನನ್ನು ಗುಲಾಮನನ್ನಾಗಿಸುವ ಅಪಾಯವಿದೆ. ಆಟದಲ್ಲಿ ಮೋಸ ಮಾಡುವುದು ಗಂಭೀರ ವಿಷಯ. ಆಗುವ ನಷ್ಟ ತೀರ ಅಲ್ಪವಾಗಿದ್ದರೆ ಮಾತ್ರ ಅದಕ್ಕೆ ರಿಯಾಯಿತಿ.

ಇಲ್ಲಿ ಗಮನಿಸಬೇಕಾದದ್ದು "ನಂಬಿದವರು" ಎಂಬ ಮಾತು. ಜೂಜಿನಲ್ಲಿ ಸೋಲುವುದು ಆಡುವವನೊಬ್ಬನೇ ಅಲ್ಲ. ಮಗಳ ಶಾಲಾ ಶುಲ್ಕ, ತಾಯಿಯ ಔಷಧಿ, ಹೆಂಡತಿಯ ಕೊರಳಿನ ಸರ, ಅಂಗಡಿಯವನ ಬಾಕಿ, ಎಲ್ಲವೂ ಅವನ ಜೊತೆ ಪಣಕ್ಕೆ ಬೀಳುತ್ತವೆ. ಶಿಲುಬೆಯ ಬುಡದಲ್ಲಿ ಪ್ರಭುವಿನ ಅಂಗಿಗಾಗಿ ಚೀಟಿ ಹಾಕಿದ ಸೈನಿಕರನ್ನು ನೆನೆಯಿರಿ. ಒಬ್ಬನ ಸಂಕಟ ಅವರಿಗೆ ಒಂದು ಗಳಿಗೆಯ ಆಟವಾಯಿತು. ತಲೆ ಎತ್ತಿ ನೋಡಿದ್ದರೆ ಆ ಅಂಗಿ ಯಾರದೆಂದು ಕಾಣುತ್ತಿತ್ತು.

ಒಬ್ಬನ ಆಟದ ಬೆಲೆಯನ್ನು ಇನ್ನೊಬ್ಬರು ತೆರುವುದಾದರೆ, ಆ ಇನ್ನೊಬ್ಬರಿಗೂ ಒಂದು ಮಾತು ಇರಬೇಕಲ್ಲವೇ? ಕುಟುಂಬಕ್ಕೆ ಈ ನ್ಯಾಯ ಸಲ್ಲುವುದಾದರೆ ಊರಿಗೂ ಸಲ್ಲುತ್ತದೆ.

ಪೋಪ್ ಕೌಂಟಿಯ ಕಥೆ

ಅಮೆರಿಕದ ದಕ್ಷಿಣ ಭಾಗದಲ್ಲಿ ಅರ್ಕನ್ಸಾ ಎಂಬ ರಾಜ್ಯವಿದೆ. ಅಲ್ಲಿನ ಆಡಳಿತ ನಮ್ಮ ಜಿಲ್ಲೆ, ತಾಲ್ಲೂಕುಗಳಂತೆ ಕೌಂಟಿಗಳಾಗಿ ಹಂಚಿಹೋಗಿದೆ. ಅವುಗಳಲ್ಲೊಂದರ ಹೆಸರು ಪೋಪ್ ಕೌಂಟಿ. ಹೆಸರು ಕೇಳಿ ರೋಮಿನ ಜಗದ್ಗುರುಗಳ ನೆನಪಾದರೆ ತಪ್ಪಿಲ್ಲ. ಆದರೆ ಅದು ಜಾನ್ ಪೋಪ್ ಎಂಬ ಹಳೆಯ ರಾಜ್ಯಪಾಲರ ಹೆಸರು. ಜನಸಂಖ್ಯೆ ಸುಮಾರು 63 ಸಾವಿರ.

2018ರ ನವೆಂಬರ್ ಚುನಾವಣೆಯಲ್ಲಿ ಅರ್ಕನ್ಸಾದ ಮತದಾರರ ಮುಂದೆ ರಾಜ್ಯದ ಸಂವಿಧಾನಕ್ಕೆ ಒಂದು ತಿದ್ದುಪಡಿ ಬಂತು. ನಾಲ್ಕು ಕಡೆ ಕ್ಯಾಸಿನೊ ನಡೆಸಲು ಅದು ಅನುಮತಿ ಕೊಡುತ್ತಿತ್ತು. ಎರಡು ಕಡೆ ಕುದುರೆ ಮತ್ತು ನಾಯಿ ಜೂಜಿನ ಮೈದಾನಗಳು ಮೊದಲೇ ಇದ್ದವು. ಹೊಸದಾಗಿ ಸೇರಿದವು ಜೆಫರ್ಸನ್ ಮತ್ತು ಪೋಪ್ ಕೌಂಟಿಗಳು. ಇಡೀ ರಾಜ್ಯದಲ್ಲಿ ನೂರಕ್ಕೆ 54ರಷ್ಟು ಮತದಾರರು ಹೌದು ಎಂದರು. ಪೋಪ್ ಕೌಂಟಿಯಲ್ಲಿ ಮಾತ್ರ ನೂರಕ್ಕೆ ಸುಮಾರು 60 ಮಂದಿ ಬೇಡ ಎಂದರು. ನಿಯಮದ ಪ್ರಕಾರ ಇಡೀ ರಾಜ್ಯದ ಎಣಿಕೆಯೇ ಅಂತಿಮ. ಬೇಡವೆಂದವರ ಅಂಗಳಕ್ಕೆ ಕ್ಯಾಸಿನೊ ಬೀಳುವಂತಾಯಿತು.

ತಿದ್ದುಪಡಿಯಲ್ಲಿ ಊರಿನ ಮಾತಿಗೆ ಜಾಗವೇ ಇರಲಿಲ್ಲವೆಂದಲ್ಲ. ಸ್ಥಳೀಯ ಅಧಿಕಾರಿಗಳ ಒಪ್ಪಿಗೆ ಪತ್ರ ಬೇಕೆಂಬ ಷರತ್ತಿತ್ತು. ಆದರೆ ಅಧಿಕಾರಿಯ ಸಹಿಯೇ ಜನರ ಒಪ್ಪಿಗೆಯೇ? ಜನರನ್ನು ಕೇಳದೆ ಅಧಿಕಾರಿಗಳು ಪತ್ರ ಕೊಡಬಾರದೆಂದು ಪೋಪ್ ಕೌಂಟಿಯ ಮತದಾರರು ಅದೇ 2018ರಲ್ಲಿ ಒಂದು ಸ್ಥಳೀಯ ಕಟ್ಟಳೆಯನ್ನೂ ಮಾಡಿಕೊಂಡರು. ಅದೂ ನಿಲ್ಲಲಿಲ್ಲ. ಅಧಿಕಾರದ ಕೊನೆಯ ದಿನಗಳಲ್ಲಿದ್ದವರು ಒಂದು ಕಂಪನಿಗೆ ಪತ್ರ ಕೊಟ್ಟರು. ಮುಂದೆ ಬಂದವರು ಇನ್ನೊಂದಕ್ಕೆ ಬೆಂಬಲ ಸೂಚಿಸಿದರು. ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಕಲಹ ನಡೆಯಿತು. 2024ರ ಜೂನ್‌ನಲ್ಲಿ ಕೊನೆಗೂ ಒಂದು ಲೈಸೆನ್ಸ್ ಕೈಸೇರಿತು.

ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೊಂದು ಪ್ರಶ್ನೆ ರಾಜ್ಯದ ಮತಪತ್ರಕ್ಕೆ ಬಂತು. ಪೋಪ್ ಕೌಂಟಿಯ ಲೈಸೆನ್ಸನ್ನು ರದ್ದುಮಾಡುವುದು; ಇನ್ನು ಮುಂದೆ ಯಾವ ಕೌಂಟಿಗೆ ಹೊಸ ಕ್ಯಾಸಿನೊ ಬರಬೇಕಾದರೂ ಆ ಕೌಂಟಿಯ ಮತದಾರರನ್ನು ವಿಶೇಷ ಚುನಾವಣೆಯಲ್ಲಿ ಕೇಳಲೇಬೇಕೆಂದು ಸಂವಿಧಾನದಲ್ಲೇ ಬರೆಯುವುದು. ನೂರಕ್ಕೆ ಸುಮಾರು 56 ಮಂದಿ ಹೌದು ಎಂದರು. ಊರಿನ ಹಕ್ಕನ್ನು ಆರು ವರ್ಷಗಳ ಹಿಂದೆ ಬದಿಗೊತ್ತಿದ ರಾಜ್ಯದ ಮತದಾರರೇ ಅದನ್ನು ಊರಿಗೆ ಮರಳಿ ಕೊಟ್ಟರು.

ಇದನ್ನು ಬಡವರ ಗೆಲುವು ಎಂದು ಸಲೀಸಾಗಿ ಹೊಗಳುವಂತಿಲ್ಲ. 2024ರ ಆ ಪ್ರಚಾರಕ್ಕೆ ಎರಡು ಕಡೆಯಿಂದಲೂ ಕೋಟಿಗಟ್ಟಲೆ ಡಾಲರ್ ಹರಿದುಬಂತು. ಕ್ಯಾಸಿನೊ ಕಟ್ಟಲು ಹೊರಟಿದ್ದದ್ದು ಚೆರೋಕಿ ಎಂಬ ಮೂಲನಿವಾಸಿ ಜನಾಂಗದ ಸಂಸ್ಥೆ. ಅದನ್ನು ತಡೆಯುವ ಪ್ರಚಾರಕ್ಕೆ ಹಣ ಕೊಟ್ಟದ್ದು ಪಕ್ಕದ ಓಕ್ಲಹೋಮಾದಲ್ಲಿ ತನ್ನದೇ ಕ್ಯಾಸಿನೊಗಳನ್ನು ನಡೆಸುವ ಚೋಕ್ಟಾ ಜನಾಂಗ. ಊರಿನ ಜನರ ಹಕ್ಕಿನ ಪರವಾಗಿ ಎತ್ತಿದ ಕೂಗಿನ ಹಿಂದೆ ಪಕ್ಕದ ಅಂಗಡಿಯವನ ಲೆಕ್ಕಾಚಾರವೂ ಇತ್ತು. ಆದ್ದರಿಂದ ಮತ ಹಾಕುವವನು ಘೋಷಣೆಯನ್ನಷ್ಟೇ ಕೇಳಿ ತೃಪ್ತನಾಗಬಾರದು. ಅದರ ಖರ್ಚು ಯಾರದೆಂದೂ ವಿಚಾರಿಸಬೇಕು.

ಗುಂಡಿ ಹಾಕಿಕೊಳ್ಳುವ ಮಗು, ಬಾವಿಕಟ್ಟೆ ಹತ್ತುವ ಮಗು

ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಜೆರುಸಲೇಮಿನ ಆದಿ ಧರ್ಮಸಭೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ಗೊಣಗಾಟ ಎದ್ದಿತು. ಪ್ರೇಷಿತರು ತಾವೇ ಕುಳಿತು ಅಧಿಕಾರಿಗಳನ್ನು ನೇಮಿಸಬಹುದಿತ್ತು. ಹಾಗೆ ಮಾಡದೆ ಎಲ್ಲ ವಿಶ್ವಾಸಿಗಳನ್ನು ಕರೆದು, ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿ ಎಂದರು. ಜನ ಆರಿಸಿದರು, ಪ್ರೇಷಿತರು ಪ್ರಾರ್ಥಿಸಿ ಕೈಯಿರಿಸಿ ನೇಮಿಸಿದರು. ಹತ್ತಿರದಿಂದ ಬಲ್ಲವರ ಆಯ್ಕೆಯೂ ಮೇಲಿನವರ ಹೊಣೆಯೂ ಅಲ್ಲಿ ಜೊತೆಗೂಡಿದವು.

ಜಗದ್ಗುರು 11ನೇ ಪಯಸ್ 1931ರಲ್ಲಿ ಹೊರಡಿಸಿದ 'ಕ್ವಾದ್ರಾಜೆಸಿಮೊ ಆನ್ನೊ' ಎಂಬ ವಿಶ್ವಪರಿಪತ್ರದಲ್ಲಿ ಇಂಥ ನಡೆಗೆ ಒಂದು ತತ್ವದ ರೂಪ ಕೊಟ್ಟರು. ಚಿಕ್ಕ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡದು ಕಿತ್ತುಕೊಳ್ಳುವುದು ಅನ್ಯಾಯ; ಚಿಕ್ಕದಕ್ಕೆ ಶಕ್ತಿ ಸಾಲದಾದಾಗ ನೆರವಾಗುವುದು ದೊಡ್ಡದರ ಕರ್ತವ್ಯ. ಇದನ್ನು ಪೂರಕ ನೆರವಿನ ತತ್ವ ಎನ್ನಬಹುದು. ಮನೆಯ ಮಾತಿನಲ್ಲಿ ಹೇಳುವುದಾದರೆ, ಮಗು ತಾನೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರೆ ತಾಯಿ ಕೈ ಹಾಕಬಾರದು. ಅದೇ ಮಗು ಬಾವಿಕಟ್ಟೆ ಹತ್ತಿದರೆ ತಾಯಿ ಸುಮ್ಮನೆ ಕೂರಬಾರದು.

ಈ ಅಳತೆಗೋಲಿನಿಂದ ಪೋಪ್ ಕೌಂಟಿಯ 2018ರ ತೀರ್ಮಾನವನ್ನು ಅಳೆದರೆ ತಪ್ಪು ಎದ್ದು ಕಾಣುತ್ತದೆ. ರಸ್ತೆಯ ದಟ್ಟಣೆ, ರಾತ್ರಿಯ ಗದ್ದಲ, ಸಾಲಕ್ಕೆ ಬಿದ್ದ ನೆರೆಮನೆ, ಇವನ್ನೆಲ್ಲ ದಿನವೂ ಕಾಣುವವರು ಊರಿನವರು. ಇನ್ನೂರು ಮೈಲು ದೂರದ ಮತದಾರನಿಗೆ ಕಾಣುವುದು ರಾಜ್ಯದ ಬೊಕ್ಕಸಕ್ಕೆ ಬರುವ ತೆರಿಗೆ ಮಾತ್ರ.

ಹಾಗಾದರೆ ಊರಿನ ಮತವೊಂದೇ ಸಾಕೇ?

ಸಾಲದು. ಅರಸುಗಳ ಮೊದಲನೆಯ ಗ್ರಂಥದಲ್ಲಿ ಬರುವ ನಾಬೋತನ ದ್ರಾಕ್ಷಿತೋಟದ ಕಥೆಯನ್ನು ನೆನಪಿಸಿಕೊಳ್ಳಿ. ಅರಮನೆಯಿಂದ ಬಂದ ಪತ್ರವನ್ನು ಜಾರಿಗೆ ತಂದವರು ನಾಬೋತನ ಸ್ವಂತ ಊರಿನ ಹಿರಿಯರೇ. ಊರೇ ಸೇರಿ ಅವನನ್ನು ಕಲ್ಲೆಸೆದು ಕೊಂದಿತು. ಊರಿನ ಒಪ್ಪಿಗೆ ಇದ್ದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ.

ಮ್ಯಾಸಚೂಸೆಟ್ಸ್ ರಾಜ್ಯದ ಅನುಭವ ನೋಡಿ. 2011ರ ಕಾಯಿದೆ ಅಲ್ಲಿ ಮೂರು ಕ್ಯಾಸಿನೊಗಳಿಗೂ ಒಂದು ಜೂಜುಯಂತ್ರಗಳ ಕೇಂದ್ರಕ್ಕೂ ದಾರಿ ಮಾಡಿತು. ಆದರೆ ಎಲ್ಲಿ ಕಟ್ಟಬೇಕೋ ಆ ಊರಿನ ಮತದಾರರು ಮೊದಲು ಒಪ್ಪಬೇಕೆಂದು ವಿಧಿಸಿತು. 2013ರಲ್ಲಿ ವೆಸ್ಟ್ ಸ್ಪ್ರಿಂಗ್‌ಫೀಲ್ಡ್ ಬೇಡ ಎಂದಿತು, ಮಿಲ್ಫರ್ಡ್ ಬೇಡ ಎಂದಿತು. ಪಾಮರ್ ಎಂಬ ಚಿಕ್ಕ ಊರು ನೂರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಬೇಡ ಎಂದಿತು. ದೊಡ್ಡ ದೊಡ್ಡ ಕಂಪನಿಗಳು ಗಂಟುಮೂಟೆ ಕಟ್ಟಿ ಹೊರಟವು. ಊರಿನ ಮತಕ್ಕೆ ಇರುವ ಶಕ್ತಿ ಅಷ್ಟು.

ಅದೇ ವರ್ಷ ಬಾಸ್ಟನ್ ಪಕ್ಕದ ಎವರೆಟ್ ಎಂಬ ದುಡಿಯುವ ಜನರ ನಗರದಲ್ಲಿ ನೂರಕ್ಕೆ 86 ಮಂದಿ ಹೌದು ಎಂದರು. ಕ್ಯಾಸಿನೊ ಬರಲಿದ್ದ ಜಾಗ ಹಳೆಯ ರಾಸಾಯನಿಕ ಕಾರ್ಖಾನೆಯ ವಿಷ ತುಂಬಿದ ನೆಲ. ಅದನ್ನು ಕಂಪನಿಯೇ ಶುದ್ಧಮಾಡಿ ಕೊಡುವುದು, ಊರಿಗೆ ವರ್ಷಕ್ಕೆ ಸುಮಾರು 2.5 ಕೋಟಿ ಡಾಲರ್ ಬರುವುದು ಎಂದರೆ ಬಡ ಊರು ಹೇಗೆ ಬೇಡವೆಂದೀತು? ಅವರನ್ನು ದೂರುವುದು ಸುಲಭ, ಅವರ ಜಾಗದಲ್ಲಿ ನಿಲ್ಲುವುದು ಕಷ್ಟ. ಆದರೆ ಆ ಜಾಗ ಇದ್ದದ್ದು ಊರಿನ ಅಂಚಿನಲ್ಲಿ. ಅದಕ್ಕೆ ತಾಗಿಕೊಂಡಿದ್ದ ಬಾಸ್ಟನ್, ಸಾಮರ್ವಿಲ್ ನಗರಗಳ ಜನರಿಗೆ ಆ ಮತದಾನದಲ್ಲಿ ಪಾಲಿರಲಿಲ್ಲ. ಅವು ನ್ಯಾಯಾಲಯದ ಮೆಟ್ಟಿಲೇರಿದರೂ ಫಲ ಸಿಗಲಿಲ್ಲ. 2019ರಲ್ಲಿ ಕ್ಯಾಸಿನೊ ತೆರೆಯಿತು. ಲಾಭ ಒಂದು ಊರಿಗೆ, ಕಷ್ಟ ಸುತ್ತಲ ಹತ್ತು ಊರಿಗೆ ಆಗುವುದಾದರೆ ಒಂದು ಊರಿನ "ಹೌದು" ನ್ಯಾಯದ ಪೂರ್ಣ ಮಾತಲ್ಲ.

ಅಲ್ಲಿ ಇಡೀ ರಾಜ್ಯದ ಮತದಾನವೂ ನಡೆಯಿತು. ಜೂಜಿನ ವಿಸ್ತರಣೆಯನ್ನು ಆ ರಾಜ್ಯದ ಕಥೋಲಿಕ ಧರ್ಮಾಧ್ಯಕ್ಷರು ವಿರೋಧಿಸುತ್ತಲೇ ಬಂದಿದ್ದರು. 2014ರಲ್ಲಿ ಕಾಯಿದೆಯನ್ನೇ ರದ್ದುಮಾಡುವ ಪ್ರಶ್ನೆ ಮತಪತ್ರಕ್ಕೆ ಬಂದಾಗ ನೂರಕ್ಕೆ ಸುಮಾರು 60 ಮಂದಿ ರದ್ದು ಬೇಡ ಎಂದರು. ತಮ್ಮ ಊರಿಗೆ ಬಾರದಂತೆ ತಡೆದುಕೊಂಡವರು ಇನ್ನೊಂದು ಊರಿನಲ್ಲಿದ್ದರೆ ಇರಲಿ ಎಂದು ಮತ ಹಾಕುವುದು ಮನುಷ್ಯನ ಒಂದು ದೌರ್ಬಲ್ಯ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಮತಗಟ್ಟೆಯ ಬಾಗಿಲಲ್ಲಿ ನಿಂತುಬಿಡುವಂಥದಲ್ಲ.

ಇನ್ನೊಂದು ಎಚ್ಚರಿಕೆಯ ಮಾತು ಫ್ಲಾರಿಡಾದಿಂದ. 2004ರಲ್ಲಿ ಆ ರಾಜ್ಯದ ಮತದಾರರು ಎರಡು ಕೌಂಟಿಗಳಿಗೆ ಜೂಜುಯಂತ್ರಗಳ ವಿಷಯದಲ್ಲಿ ಸ್ವಂತ ಮತದಾನ ನಡೆಸುವ ಅವಕಾಶ ಕೊಟ್ಟರು. 2005ರಲ್ಲಿ ಬ್ರೋವರ್ಡ್ ಕೌಂಟಿ ಒಪ್ಪಿತು, ಮಯಾಮಿ-ಡೇಡ್ ಕೌಂಟಿ ತಿರಸ್ಕರಿಸಿತು. ವಿಷಯ ಅಲ್ಲಿಗೆ ಮುಗಿಯಲಿಲ್ಲ. 2008ರಲ್ಲಿ ಮಯಾಮಿ-ಡೇಡ್ ಜನರನ್ನು ಮತ್ತೆ ಕೇಳಲಾಯಿತು. ಈ ಬಾರಿ ಒಪ್ಪಿದರು. "ಬೇಡ" ಎಂದವರ ಬಾಗಿಲನ್ನು ಮತ್ತೆ ತಟ್ಟಲು ಜೂಜಿನ ವ್ಯಾಪಾರಿಗೆ ಹಣವೂ ತಾಳ್ಮೆಯೂ ಇರುತ್ತವೆ. "ಹೌದು" ಎಂದವರನ್ನು ಅವನು ಎರಡನೆಯ ಸಲ ಕೇಳಲು ಬರುವುದಿಲ್ಲ.

ಆದ್ದರಿಂದ ನಾವು ಕಲಿಯಬೇಕಾದ ಪಾಠ ಇದು. ಬ್ಯಾಂಕಿನ ಲಾಕರಿಗೆ ಎರಡು ಕೀಲಿಕೈ ಇರುತ್ತವೆ. ಒಂದು ನಮ್ಮದು, ಒಂದು ಬ್ಯಾಂಕಿನದು. ಎರಡೂ ತಿರುಗಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಜೂಜಿನ ವಿಸ್ತರಣೆಗೂ ಎರಡು ಕೀಲಿಕೈ ಬೇಕು. ಊರಿನ ಕೈಯಲ್ಲಿ ಒಂದು, ಏಕೆಂದರೆ ಬೆಲೆ ತೆರುವವರಲ್ಲಿ ಊರೇ ಮೊದಲು. ರಾಜ್ಯದ ಕೈಯಲ್ಲಿ ಒಂದು, ಏಕೆಂದರೆ ಹಾನಿ ಊರಿನ ಗಡಿಯಲ್ಲಿ ನಿಲ್ಲುವುದಿಲ್ಲ. ಒಬ್ಬರು ಇನ್ನೊಬ್ಬರ ಕೀಲಿಕೈಯನ್ನು ಕಸಿದುಕೊಳ್ಳಬಾರದು.

ಗಡಿಯಿಲ್ಲದ ಜೂಜು

ಲೂಸಿಯಾನಾ ರಾಜ್ಯದ ಹೆಸರು ಕೇಳಿದರೆ ನಮ್ಮ ಓದುಗರಿಗೆ ಸಂತೋಷವಾಗಬಹುದು. ಫ್ರೆಂಚ್, ಸ್ಪ್ಯಾನಿಷ್ ಆಳ್ವಿಕೆಯ ಕಥೋಲಿಕ ಹಿನ್ನೆಲೆಯಿಂದಾಗಿ ಅಲ್ಲಿ ಸರ್ಕಾರದ ಆಡಳಿತ ಘಟಕಗಳಿಗೆ ಇಂದಿಗೂ "ಪ್ಯಾರಿಷ್" ಎಂದೇ ಹೆಸರು. ಒಟ್ಟು 64 ಪ್ಯಾರಿಷ್‌ಗಳು. 1996ರಲ್ಲಿ ಪ್ರತಿಯೊಂದೂ ತನ್ನ ಗಡಿಯೊಳಗೆ ವಿಡಿಯೊ ಪೋಕರ್ ಯಂತ್ರಗಳು ಇರಬೇಕೇ ಎಂದು ಮತ ಹಾಕಿತು. 33 ಪ್ಯಾರಿಷ್‌ಗಳು ಬೇಡ ಎಂದವು. 1999ರಲ್ಲಿ ಅಲ್ಲಿನ ಯಂತ್ರಗಳು ನಿಂತವು. ಒಳಬಂದ ಜೂಜನ್ನು ಜನರ ಮತ ಹೊರಹಾಕಲೂ ಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

2020ರಲ್ಲಿ ಅದೇ ಪ್ಯಾರಿಷ್‌ಗಳಿಗೆ ಕ್ರೀಡೆಯ ಮೇಲಿನ ಬಾಜಿಯ ಪ್ರಶ್ನೆ ಬಂತು. 55 ಒಪ್ಪಿದವು, 9 ಒಪ್ಪಲಿಲ್ಲ. ಈಗ ಬಾಜಿ ಕಟ್ಟುವುದು ಮೊಬೈಲಿನಲ್ಲಿ. ಒಪ್ಪದ ಪ್ಯಾರಿಷ್‌ನಲ್ಲಿ ನಿಂತರೆ ಮೊಬೈಲು ಬಾಜಿಯನ್ನು ಸ್ವೀಕರಿಸುವುದಿಲ್ಲ. ಕಾರು ಹತ್ತಿ ಗಡಿ ದಾಟಿದರೆ ಸ್ವೀಕರಿಸುತ್ತದೆ! ಊರಿನ ಮತ ಬೇಲಿ ಹಾಕಬಲ್ಲದು, ಮನುಷ್ಯನ ಕಾಲಿಗೆ ಸಂಕೋಲೆ ಹಾಕಲಾರದು.

ನಮ್ಮ ಮತ ಎಲ್ಲಿದೆ?

ನಮ್ಮ ದೇಶದಲ್ಲಿ ಇಂಥ ಪ್ರಶ್ನೆಗಳು ಮತಪತ್ರಕ್ಕೆ ಬರುವುದಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೂಜು ಮತ್ತು ಬಾಜಿ ರಾಜ್ಯಗಳ ಪಟ್ಟಿಯಲ್ಲಿವೆ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಮೊಬೈಲ್ ಜೂಜು ಬಂದಾಗ ರಾಜ್ಯ 2021ರಲ್ಲಿ ಮಾಡಿದ ತಿದ್ದುಪಡಿ ಕಾಯಿದೆಯ ಮುಖ್ಯ ಭಾಗಗಳನ್ನು 2022ರಲ್ಲಿ ಹೈಕೋರ್ಟ್ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ಇಡೀ ದೇಶಕ್ಕೆ ಅಂಗೀಕರಿಸಿತು. ಮಗು ಬಾವಿಕಟ್ಟೆ ಹತ್ತಿದಾಗ ದೊಡ್ಡವರು ಕೈಚಾಚಿದಂತೆ ಇದು.

ಆದರೆ ಕಾಯಿದೆ ತಲುಪದ ಒಂದು ಜಾಗವಿದೆ, ನಮ್ಮ ಮನೆ. ಅತ್ಯಂತ ಚಿಕ್ಕ ಸಮುದಾಯ ಅದೇ. ರಾತ್ರಿ ಹನ್ನೊಂದಕ್ಕೆ ಹೊದಿಕೆಯೊಳಗೆ ಮೊಬೈಲು ಹಿಡಿದು ಸಂಬಳವನ್ನು ಪಣಕ್ಕಿಡುವವನು ಪಕ್ಕದಲ್ಲಿ ಮಲಗಿದವಳನ್ನು ಕೇಳಿದನೇ? ದ್ರೌಪದಿಯ ಪ್ರಶ್ನೆ ಅಲ್ಲಿ ಮತ್ತೆ ಏಳುತ್ತದೆ. ಸಾಲ ಬೆಳೆದ ಮೇಲೆ ಗೊತ್ತಾಗುವುದಕ್ಕಿಂತ ಮೊದಲ ಸೋಲಿನಲ್ಲೇ ಬಾಯಿಬಿಟ್ಟು ಹೇಳುವುದು ಎಷ್ಟೋ ಮೇಲು. ಹೇಳಿದವನನ್ನು ಹಂಗಿಸದೆ ಕೈಹಿಡಿಯುವುದು ಮನೆಯವರ ಧರ್ಮ. ಗೀಳು ಕೈಮೀರಿದ್ದರೆ ಅದನ್ನು ರೋಗವೆಂದೇ ತಿಳಿದು ಪಾಪನಿವೇದನೆಯ ಜೊತೆಗೆ ವೈದ್ಯರ ನೆರವನ್ನೂ ಪಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಅಂತರ್ಜಾಲಗಳ ಗೀಳಿಗೆಂದೇ ಒಂದು ಚಿಕಿತ್ಸಾ ವಿಭಾಗವಿದೆ.

ಕೊನೆಗೆ ನಮ್ಮ ಚರ್ಚಿನ ಅಂಗಳವನ್ನೂ ನೋಡಿಕೊಳ್ಳೋಣ. ಹಬ್ಬದ ದಿನ ಹೌಸಿ ಆಡುತ್ತೇವೆ, ಲಕ್ಕಿ ಡಿಪ್ ಕೂಪನ್ ಮಾರುತ್ತೇವೆ. ಅಮೆರಿಕದ ಧರ್ಮಕೇಂದ್ರಗಳಲ್ಲಿ ಬಿಂಗೋ ಆಟ ಪ್ರಸಿದ್ಧ. ಹತ್ತು ರೂಪಾಯಿಯ ಚೀಟಿಯಲ್ಲಿ ನಗುತ್ತ ಕಳೆಯುವ ಒಂದು ಸಂಜೆ ಪಾಪವಲ್ಲ. ಆದರೆ ಕೊಳ್ಳಲಾರದ ಬಡವನ ಮೇಲೆ ಕೂಪನ್ ಪುಸ್ತಕ ಹೇರುವುದು, ಬಹುಮಾನದ ಆಸೆಗೆ ಒಬ್ಬನೇ ಸಾವಿರಗಟ್ಟಲೆ ಸುರಿಯುವುದನ್ನು ಕಂಡೂ ಕಾಣದಂತಿರುವುದು ಸರಿಯೇ? ಧರ್ಮಕೇಂದ್ರದ ಪಾಲನಾ ಸಮಿತಿ ಈ ಮಾತನ್ನು ಒಮ್ಮೆ ಎತ್ತಿಕೊಂಡರೆ ಒಳ್ಳೆಯದು. ಅದು ನಮ್ಮ ಸ್ಥಳೀಯ ಮತದಾನ.

ಕುಟುಂಬದಲ್ಲಿ ಕುಳಿತು ಚರ್ಚಿಸಲು

1. ನಮ್ಮ ಮನೆಯಲ್ಲಿ ಹಣದ ತೀರ್ಮಾನಗಳನ್ನು ಯಾರು ಮಾಡುತ್ತಾರೆ? ಅದರ ಬೆಲೆ ತೆರುವವರನ್ನು ಕೇಳಿದ್ದೇವೆಯೇ?

2. ನಮ್ಮ ಊರಿಗೆ ಹಣ ತರುವ, ಆದರೆ ಪಕ್ಕದ ಊರಿಗೆ ಕಷ್ಟ ತರುವ ಯೋಜನೆಯೊಂದು ಬಂದರೆ ನಾವು ಏನು ಹೇಳುತ್ತೇವೆ?

3. ಪೋಪ್ ಕೌಂಟಿಯ ಜನ ಮತ್ತು ಎವರೆಟ್ ಜನ, ಇಬ್ಬರ ಜಾಗದಲ್ಲೂ ನಿಂತು ನೋಡಿ. ನೀವು ಹೇಗೆ ಮತ ಹಾಕುತ್ತಿದ್ದಿರಿ? ಏಕೆ?

4. ಈ ವರ್ಷದ ಹಬ್ಬದ ಆಟಗಳು ಯಾರಿಗೂ ಹೊರೆಯಾಗದಂತೆ ನಡೆಯಲು ನಾವು ಏನು ಮಾಡಬಹುದು?

ಪ್ರಾರ್ಥನೆ: ಪ್ರಭುವೇ, ನಿಮ್ಮ ಅಂಗಿಗಾಗಿ ಚೀಟಿ ಹಾಕಿದವರನ್ನೂ ನೀವು ಕ್ಷಮಿಸಿದಿರಿ. ಬೇರೆಯವರ ಬದುಕನ್ನು ನಾವು ಪಣಕ್ಕಿಡದಂತೆ ನಮ್ಮನ್ನು ಕಾಯಿರಿ. ತೀರ್ಮಾನಿಸುವ ಅಧಿಕಾರ ನಮ್ಮ ಕೈಗೆ ಬಂದಾಗ, ಅದರ ಬೆಲೆ ತೆರುವವರ ಮುಖ ನಮ್ಮ ಕಣ್ಣಮುಂದೆ ಇರಲಿ. ಆಮೆನ್.